ಅದು ಕಂಪ್ಲೇಂಟ್ ಅಲ್ಲ ಸಾರ್, ಫೀಚರ್

ಕಾರಿನಲ್ಲಿ ದೊಡ್ಡದೇನಾದರೂ ಕೆಟ್ಟರೆ ಅದಕ್ಕೊಂದು ದಾರಿಯಿದೆ. ಎಂಜಿನ್‌ಗೆ ವಾರಂಟಿ ಇದೆ, ಅಪಘಾತಕ್ಕೆ ವಿಮೆ ಇದೆ, ಏರ್‌ಬ್ಯಾಗ್ ತಯಾರಿಕೆಯಲ್ಲೇ ದೋಷ ಕಂಡರೆ ಕಂಪನಿಯೇ ಕಾರನ್ನು ಹಿಂದಕ್ಕೆ ಕರೆಸಿ ಪುಕ್ಕಟೆ ಸರಿಮಾಡಿಕೊಡುತ್ತದೆ. ದಾರಿ ಇಲ್ಲದಿರುವುದು ಕೆಡದೇ ಇರುವ ವಸ್ತುವಿನ ಕಾಟಕ್ಕೆ. ಸಿಗ್ನಲ್‌ನಲ್ಲಿ ನಿಂತ ಕೂಡಲೇ ಎಂಜಿನ್ ತಾನಾಗಿ ಆಫ್ ಆಗುತ್ತದೆ. ಪಕ್ಕದ ಸೀಟಿನ ಮೇಲೆ ತರಕಾರಿ ಚೀಲ ಇಟ್ಟರೆ ಬೆಲ್ಟ್ ಹಾಕಿ ಎಂದು ಕೂಗುತ್ತದೆ. ರಿವರ್ಸ್ ಗೇರ್ ಹಾಕಿದರೆ ಬೆಳಗಿನ ಜಾವದ ಬೀದಿಗೆಲ್ಲ ಕೇಳುವಂತೆ ಒಂದು ಟ್ಯೂನ್ ಹೊಡೆದುಕೊಳ್ಳುತ್ತದೆ. ಇವು ಯಾವುವೂ ಕೆಟ್ಟಿಲ್ಲ. ಹೇಗೆ ಮಾಡಬೇಕೆಂದು ತಯಾರಿಸಿದ್ದಾರೋ ಹಾಗೆಯೇ ಮಾಡುತ್ತಿವೆ. ಸರ್ವೀಸ್‌ಗೆ ಬಿಡುವಾಗ ದೂರಿನ ಪಟ್ಟಿಯಲ್ಲಿ ಇದನ್ನೂ ಬರೆದುಕೊಳ್ಳಿ ಎಂದರೆ ಅಡ್ವೈಸರ್ ಪೆನ್ನು ನಿಲ್ಲಿಸಿ ಹೇಳುತ್ತಾರೆ: “ಅದು ಕಂಪ್ಲೇಂಟ್ ಅಲ್ಲ ಸಾರ್, ಫೀಚರ್.”

ಅವರು ಹೇಳುವುದು ಸುಳ್ಳಲ್ಲ. ಆದರೆ ಮಾತು ಅಲ್ಲಿಗೇ ಮುಗಿಯಬಾರದು ಎಂಬುದು ನನ್ನ ವಾದ. ದಿನವೂ ಕಾಟ ಕೊಡುವ ಸೌಲಭ್ಯವನ್ನು ತಿದ್ದಿಕೊಳ್ಳುವ ಹಕ್ಕು ದಿನವೂ ಅದನ್ನು ಬಳಸುವವರದ್ದು. ಆ ಹಕ್ಕಿಗೆ ಒಂದು ಕಟ್ಟುಪಾಡೂ ಇದೆ: ಸೌಲಭ್ಯದ ಹಿಂದಿರುವ ಉದ್ದೇಶವನ್ನು ಉಳಿಸಿಕೊಂಡು ಕಾಟವನ್ನಷ್ಟೇ ತೆಗೆಯಬೇಕು. ನಮ್ಮಲ್ಲಿ ಈಗ ನಡೆಯುತ್ತಿರುವುದು ತದ್ವಿರುದ್ಧ. ತಿದ್ದಲು ಬರುವಂಥದ್ದನ್ನು ಹೆದರಿ ಸಹಿಸಿಕೊಳ್ಳುತ್ತೇವೆ, ಮುಟ್ಟಬಾರದ್ದನ್ನು ನೂರು ರೂಪಾಯಿಯ ಕ್ಲಿಪ್ಪಿನಿಂದ ಬಾಯಿ ಮುಚ್ಚಿಸುತ್ತೇವೆ.

ಮೊದಲು ತಿದ್ದಬಹುದಾದ ಒಂದನ್ನು ಹತ್ತಿರದಿಂದ ನೋಡೋಣ. ನಿಂತಾಗ ಎಂಜಿನ್ ಆಫ್ ಆಗಿ, ಕ್ಲಚ್ ಒತ್ತಿದ ಕೂಡಲೇ ಮತ್ತೆ ಸ್ಟಾರ್ಟ್ ಆಗುವ ವ್ಯವಸ್ಥೆ ಈಗ ನಮ್ಮ ಮಧ್ಯಮ ಬೆಲೆಯ ಕಾರುಗಳಲ್ಲೂ ಇದೆ. ಇದರ ಲೆಕ್ಕಾಚಾರ ಸರಿಯಾದದ್ದೇ. ನಿಂತಲ್ಲೇ ಓಡುವ ಸಣ್ಣ ಪೆಟ್ರೋಲ್ ಎಂಜಿನ್ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಕುಡಿಯುತ್ತದೆ. ಉದ್ದ ಸಿಗ್ನಲ್‌ಗಳಿರುವ ಊರಿನಲ್ಲಿ ಅದನ್ನು ಉಳಿಸುವುದು ಜೇಬಿಗೂ ಗಾಳಿಗೂ ಒಳ್ಳೆಯದು. ವ್ಯವಸ್ಥೆ ದಡ್ಡತನದಿಂದಲೂ ಕೂಡಿಲ್ಲ: ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿಯಲ್ಲಿ ಚಾರ್ಜ್ ಇರಬೇಕು, ಬಾಗಿಲು ಹಾಕಿರಬೇಕು, ಓಡಿಸುವವರು ಬೆಲ್ಟ್ ಕಟ್ಟಿರಬೇಕು. ಅಷ್ಟೆಲ್ಲ ಇದ್ದರೇ ಅದು ಎಂಜಿನ್ ನಿಲ್ಲಿಸುವುದು.

ಕಷ್ಟ ಬರುವುದು ಸಿಗ್ನಲ್‌ನಲ್ಲಿ ಅಲ್ಲವೇ ಅಲ್ಲ, ಸಿಗ್ನಲ್ ಮುಂಚಿನ ಸಾಲಿನಲ್ಲಿ. ಬೆಂಗಳೂರಿನ ಸಿಲ್ಕ್‌ಬೋರ್ಡ್ ಕಡೆಗೋ ಹೆಬ್ಬಾಳದ ಕಡೆಗೋ ಸಂಜೆ ಹೋಗುವ ಸಾಲು ನಿಂತೂ ನಿಲ್ಲುವುದಿಲ್ಲ, ಹೋಗಿಯೂ ಹೋಗುವುದಿಲ್ಲ. ಮುಂದಿನ ಆಟೋ ಎರಡು ಮಾರು ಸರಿಯುತ್ತದೆ, ನೀವೂ ಸರಿಯುತ್ತೀರಿ. ನ್ಯೂಟ್ರಲ್‌ಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಆಫ್, ಒತ್ತಿದರೆ ಆನ್, ಮತ್ತೆ ಆಫ್. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಎಂಜಿನ್ ಜೊತೆ ಏಸಿಯ ಕಂಪ್ರೆಸರೂ ನಿಲ್ಲುವುದರಿಂದ ಬ್ಲೋವರ್ ಬಿಸಿಗಾಳಿ ಊದತೊಡಗುತ್ತದೆ. ಹಿಂದಿನ ಸೀಟಿನಲ್ಲಿ ವಯಸ್ಸಾದವರೋ ಎಳೆ ಮಗುವೋ ಇದ್ದರೆ ಇದು ಬರೀ ಕಿರಿಕಿರಿಯಾಗಿ ಉಳಿಯುವುದಿಲ್ಲ. ಇಂಥ ಹೊತ್ತಿಗೆಂದೇ ಡ್ಯಾಶ್‌ಬೋರ್ಡಿನಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಈ ವ್ಯವಸ್ಥೆ ಸುಮ್ಮನಾಗುತ್ತದೆ. ಆದರೆ ಕಾರು ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಅದು ನೀವು ಹೇಳಿದ್ದನ್ನು ಮರೆತಿರುತ್ತದೆ. ಸೀಟನ್ನು ಎಷ್ಟು ಹಿಂದೆ ಸರಿಸಿದ್ದೀರೋ ಅಲ್ಲೇ ಇರುತ್ತದೆ, ರೇಡಿಯೋ ನಿನ್ನೆಯ ಸ್ಟೇಷನ್ನನ್ನೇ ಹಾಡಿಸುತ್ತದೆ, ಈ ಒಂದು ಗುಂಡಿಗೆ ಮಾತ್ರ ನೆನಪಿಲ್ಲ.

ಯಾಕೆ ನೆನಪಿಲ್ಲ ಎಂಬುದನ್ನು ತಿಳಿಯದೆ ಬೈದರೆ ಪ್ರಯೋಜನವಿಲ್ಲ. ಕಂಪನಿ ಜಾಹೀರಾತಿನಲ್ಲಿ ಹೇಳುವ ಮೈಲೇಜು ಪ್ರಯೋಗಾಲಯದಲ್ಲಿ, ರೋಲರ್‌ಗಳ ಮೇಲೆ, ಸರ್ಕಾರ ಗೊತ್ತುಪಡಿಸಿದ ಒಂದು ಓಟದ ಕ್ರಮದಲ್ಲಿ ಅಳೆದದ್ದು. ನಮ್ಮಲ್ಲಿ ಬಹುಕಾಲ ಬಳಸಿರುವ ಭಾರತೀಯ ಚಾಲನಾ ಚಕ್ರ ಯುರೋಪಿನ ಹಳೆಯ ಪರೀಕ್ಷೆಯನ್ನೇ ಆಧರಿಸಿದ್ದು, ಗರಿಷ್ಠ ವೇಗವನ್ನು ಮಾತ್ರ ಗಂಟೆಗೆ 90 ಕಿ.ಮೀ.ಗೆ ಇಳಿಸಿದ್ದು. ಸುಮಾರು ಇಪ್ಪತ್ತು ನಿಮಿಷದ ಆ ಓಟದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಕಾರು ಸುಮ್ಮನೆ ನಿಂತಿರುತ್ತದೆ. ಆ ಕಾಲುಭಾಗದಲ್ಲಿ ಎಂಜಿನ್ ಆಫ್ ಆಗಿದ್ದರೆ ಮೈಲೇಜಿನ ಅಂಕಿ ಏರುತ್ತದೆ, ಹೊಗೆಯ ಅಂಕಿ ಇಳಿಯುತ್ತದೆ. ಸ್ಟಾರ್ಟ್ ಮಾಡಿದಾಗಲೆಲ್ಲ ಆ ವ್ಯವಸ್ಥೆ ಆನ್ ಆಗಿಯೇ ಇದ್ದರೆ ಮಾತ್ರ ಆ ಲಾಭವನ್ನು ಲೆಕ್ಕಕ್ಕೆ ಹಿಡಿಯುವುದು ನ್ಯಾಯ. ಗುಂಡಿಗೆ ನೆನಪು ಕೊಡದಿರುವುದು ಎಂಜಿನಿಯರ್ ಮರೆತು ಬಿಟ್ಟದ್ದಲ್ಲ, ಯೋಚಿಸಿ ಬಿಟ್ಟದ್ದು. ನಿಮ್ಮ ಬೆರಳು ಒತ್ತುವುದು ಕಂಪನಿಯ ಅಂಕಿಯ ವಿರುದ್ಧ.

ಇದಕ್ಕೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಪರಿಹಾರಗಳು ಎರಡು ಬಗೆಯವು. ಅವೆರಡರ ವ್ಯತ್ಯಾಸದಲ್ಲೇ ನನ್ನ ವಾದದ ತಿರುಳಿದೆ. ಒಂದು, ಬಾನೆಟ್ ಎತ್ತಿ ಬ್ಯಾಟರಿಯ ನೆಗೆಟಿವ್ ತುದಿಯ ಮೇಲಿರುವ ಸೆನ್ಸರ್‌ನ ಕಪ್ಲರ್ ಕಿತ್ತುಬಿಡುವುದು. ಬ್ಯಾಟರಿಯ ಸ್ಥಿತಿ ತಿಳಿಯದ ಕಾರು ಎಂಜಿನ್ ಆಫ್ ಮಾಡುವ ಧೈರ್ಯ ಮಾಡುವುದಿಲ್ಲ; ಕೆಲಸ ಒಂದು ನಿಮಿಷದಲ್ಲಿ ಆಯಿತು. ಆದರೆ ಅದೇ ಸೆನ್ಸರ್ ನೋಡಿಯೇ ಆಲ್ಟರ್ನೇಟರ್ ಎಷ್ಟು ಚಾರ್ಜ್ ಮಾಡಬೇಕೆಂದು ಕಾರು ತೀರ್ಮಾನಿಸುವುದು. ಅದು ಹೋದರೆ ಚಾರ್ಜಿಂಗ್ ಕುರುಡಾಗುತ್ತದೆ, ಮೀಟರ್‌ನಲ್ಲಿ ಎಚ್ಚರಿಕೆಯ ದೀಪ ಉಳಿದುಬಿಡುತ್ತದೆ, ನಾಳೆ ನಿಜವಾದ ದೋಷ ಬಂದಾಗ ಅದೇ ದೀಪ ಉರಿದರೂ ನಿಮಗೆ ಗೊತ್ತಾಗುವುದಿಲ್ಲ. ಇನ್ನೊಂದು, ಗುಂಡಿಗೂ ಅದರ ಕಪ್ಲರ್‌ಗೂ ನಡುವೆ ಸೇರಿಸುವ ಒಂದು ಸಣ್ಣ ಮಾಡ್ಯೂಲ್. ಅದು ಮಾಡುವುದು ಇಷ್ಟೇ: ಕಳೆದ ಸಲ ನೀವು ಗುಂಡಿ ಒತ್ತಿದ್ದಿರಾ ಎಂದು ನೆನಪಿಟ್ಟುಕೊಂಡು, ಸ್ಟಾರ್ಟ್ ಆದ ಮೇಲೆ ನಿಮ್ಮ ಪರವಾಗಿ ಒಮ್ಮೆ ಒತ್ತುತ್ತದೆ. ಉದ್ದದ ಸಿಗ್ನಲ್‌ನಲ್ಲಿ ಬೇಕೆನಿಸಿದರೆ ನೀವೇ ಒತ್ತಿ ಆನ್ ಮಾಡಿಕೊಳ್ಳಬಹುದು. ವ್ಯವಸ್ಥೆ ಜೀವಂತವಾಗಿರುತ್ತದೆ, ಯಜಮಾನಿಕೆ ಬದಲಾಗುತ್ತದೆ.

ನನ್ನ ಕಾರಿಗೆ ನಾನು ಮಾಡಿಕೊಂಡಿರುವುದು ಈ ಎರಡನೆಯದು. ಕೆಲಸ ದೊಡ್ಡದೇನಲ್ಲ. ಕಾರು ಆಫ್ ಮಾಡಿ, ಕೀ ಹೊರಗಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಗುಂಡಿಗಳಿರುವ ಪಟ್ಟಿಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಬೇಕು. ಸ್ಕ್ರೂಡ್ರೈವರ್ ಹಾಕಿದರೆ ಅಂಚು ತರಿದುಹೋಗುತ್ತದೆ. ಪಟ್ಟಿ ಟಪ್ಪೆಂದು ಬಿಟ್ಟುಕೊಂಡರೆ ಹಿಂದೆ ಕಪ್ಲರ್ ಕಾಣುತ್ತದೆ; ಅದರ ಲಾಕನ್ನು ಉಗುರಿನಿಂದ ಒತ್ತಿ ಹಿಡಿದು ಎಳೆದರೆ ಬರುತ್ತದೆ, ತಂತಿ ಹಿಡಿದು ಎಳೆದರೆ ಬರುವುದು ತಂತಿ ಮಾತ್ರ. ಮಧ್ಯೆ ಮಾಡ್ಯೂಲ್ ಕೂರಿಸಿ, ಎರಡೂ ಕಡೆ ಲಾಕು ಬಿದ್ದ ಸದ್ದು ಕೇಳಿ, ಅಲುಗಾಡಿ ಸದ್ದು ಮಾಡದಂತೆ ಬಟ್ಟೆಯ ಟೇಪ್ ಸುತ್ತಿ ಪಟ್ಟಿ ಒತ್ತಿದರೆ ಮುಗಿಯಿತು. ಒಂದೇ ಒಂದು ತಂತಿ ಕತ್ತರಿಸಿಲ್ಲ, ಎಲ್ಲಿಂದಲೂ ಲೈನ್ ಎಳೆದಿಲ್ಲ. ಬೇಡವೆಂದ ದಿನ ಅದೇ ದಾರಿಯಲ್ಲಿ ತೆಗೆದು, ಕಾರು ಮೊದಲು ಹೇಗಿತ್ತೋ ಹಾಗೆ ಮಾಡಬಹುದು. ಮೊದಲಿನಂತೆ ಮಾಡಲು ಬರಬೇಕು ಎಂಬುದನ್ನು ಈ ಬಗೆಯ ಎಲ್ಲ ಕೆಲಸಕ್ಕೂ ನಾನು ಮೊದಲ ನಿಯಮವಾಗಿ ಇಟ್ಟುಕೊಂಡಿದ್ದೇನೆ.

ಎಂಜಿನ್ ಆಫ್ ಮಾಡುವ ಈ ವ್ಯವಸ್ಥೆಯ ಮೇಲೆ ಅಮೆರಿಕದಲ್ಲೂ ಸಿಟ್ಟಿದೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯಸ್ಥ ಲೀ ಜೆಲ್ಡಿನ್ 2025ರ ಮೇ ತಿಂಗಳಲ್ಲಿ, ಇದನ್ನು ಎಲ್ಲರೂ ದ್ವೇಷಿಸುತ್ತಾರೆ, ನಾವು ಸರಿಮಾಡುತ್ತೇವೆ ಎಂದು ಸಾರಿದರು. ಅವರ ಸಿಟ್ಟಿನಲ್ಲಿ ನನ್ನ ಪಾಲಿದ್ದರೂ ಅವರ ದಾರಿಯಲ್ಲಿ ಪಾಲಿಲ್ಲ. ಕೋಟ್ಯಂತರ ಕಾರುಗಳು ಸಿಗ್ನಲ್‌ನಲ್ಲಿ ನಿಂತು ಉಗುಳುವ ಹೊಗೆ ಸುಳ್ಳಲ್ಲ. ಗುಂಡಿಗೆ ನೆನಪು ಕೊಟ್ಟರೆ ತೀರುವ ಜಗಳಕ್ಕೆ ಇಡೀ ಸೌಲಭ್ಯವನ್ನೇ ಹಳ್ಳ ಹಿಡಿಸಬೇಕಿಲ್ಲ.

ಜನರ ಕಾಟವನ್ನು ಕಡೆಗಣಿಸಿದರೆ ಒಳ್ಳೆಯ ಉದ್ದೇಶವೇ ಹೇಗೆ ಸಾಯುತ್ತದೆ ಎಂಬುದಕ್ಕೆ ಅಮೆರಿಕದ ಚರಿತ್ರೆಯಲ್ಲೇ ಒಂದು ದೊಡ್ಡ ಪಾಠವಿದೆ. 1974ರ ಮಾದರಿಯ ಕಾರುಗಳಿಗೆ ಅಲ್ಲಿನ ಸರ್ಕಾರ ಒಂದು ನಿಯಮ ತಂದಿತು: ಮುಂದಿನ ಸೀಟಿನಲ್ಲಿ ಕೂತವರು ಬೆಲ್ಟ್ ಕಟ್ಟದಿದ್ದರೆ ಕಾರು ಸ್ಟಾರ್ಟೇ ಆಗಬಾರದು. ಜೀವ ಉಳಿಸುವ ನಿಯಮ, ಸಂಶಯವಿಲ್ಲ. ಆದರೆ ಸೀಟಿನೊಳಗಿನ ಸ್ವಿಚ್‌ಗೆ ಭಾರ ಗೊತ್ತಾಗುತ್ತಿತ್ತೇ ಹೊರತು ಮನುಷ್ಯ ಗೊತ್ತಾಗುತ್ತಿರಲಿಲ್ಲ. ದಿನಸಿಯ ಚೀಲ ಇಟ್ಟರೂ ನಾಯಿ ಕೂತರೂ ಕಾರು ಮುಷ್ಕರ ಹೂಡುತ್ತಿತ್ತು. ಜನ ಬೆಲ್ಟನ್ನು ಸೀಟಿನ ಹಿಂದೆ ಶಾಶ್ವತವಾಗಿ ಸಿಕ್ಕಿಸಿಟ್ಟರು, ತಂತಿ ಕಿತ್ತರು, ಕೊನೆಗೆ ಸಂಸದರಿಗೆ ಪತ್ರ ಬರೆದರು. ಅದೇ ವರ್ಷ ಅಕ್ಟೋಬರ್ 27ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾಯ್ದೆ ಆ ನಿಯಮವನ್ನು ರದ್ದುಮಾಡಿತು. ಅಷ್ಟಕ್ಕೇ ನಿಲ್ಲದೆ, ಬೆಲ್ಟಿನ ಬಗ್ಗೆ ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೂಗುವ ಬಜರನ್ನು ಸರ್ಕಾರ ಕಡ್ಡಾಯ ಮಾಡದಂತೆ ಕೈಯನ್ನೂ ಕಟ್ಟಿತು. ಆ ಕಟ್ಟು ಸಡಿಲವಾದದ್ದು 2012ರಲ್ಲಿ. ಅಷ್ಟು ವರ್ಷ ಬೆಲ್ಟ್ ಇಲ್ಲದೆ ಸತ್ತವರಲ್ಲಿ ಎಷ್ಟೋ ಜನರನ್ನು ಒಂದು ಉದ್ದನೆಯ ಬೀಪ್ ಉಳಿಸಬಹುದಿತ್ತು. ಆ ಸಾವುಗಳಲ್ಲಿ ಒಂದು ಪಾಲು, ಚೀಲಕ್ಕೂ ಮನುಷ್ಯರಿಗೂ ವ್ಯತ್ಯಾಸ ತಿಳಿಯದ ಸ್ವಿಚ್ಚಿನ ಲೆಕ್ಕಕ್ಕೆ ಹೋಗಬೇಕು.

ನಮ್ಮಲ್ಲಿ ಬೀಪ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಅಂದಿನಿಂದ ತಯಾರಾದ ಪ್ರತಿ ಕಾರಿನಲ್ಲೂ ಮುಂದಿನ ಎರಡೂ ಸೀಟಿಗೆ ಬೆಲ್ಟಿನ ಎಚ್ಚರಿಕೆ, ಗಂಟೆಗೆ 80 ಕಿ.ಮೀ. ದಾಟಿದರೆ ಆಗಾಗ ಬೀಪ್, 120 ದಾಟಿದರೆ ಬಿಡದೆ ಬೀಪ್, ಹಿಂದಕ್ಕೆ ತೆಗೆಯುವಾಗ ಸೆನ್ಸರ್ ಇರಲೇಬೇಕು. ಅದಕ್ಕೆ ಮಾರುಕಟ್ಟೆ ಕೊಟ್ಟ ಉತ್ತರ ಬೆಲ್ಟಿನ ನಾಲಿಗೆಯಷ್ಟೇ ಇರುವ ಡಮ್ಮಿ ಕ್ಲಿಪ್. ಬಕಲ್‌ನಲ್ಲಿ ಅದನ್ನು ಸಿಕ್ಕಿಸಿದರೆ ಕಾರಿಗೆ ಬೆಲ್ಟ್ ಕಟ್ಟಿದಂತೆ ತೋರುತ್ತದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಐದು ದೊಡ್ಡ ಆನ್‌ಲೈನ್ ಮಾರಾಟ ತಾಣಗಳಿಗೆ ಇದನ್ನು ತೆಗೆಯುವಂತೆ ಆದೇಶಿಸಿದಾಗ ತೆಗೆದ ಮಾರಾಟದ ನಮೂದುಗಳ ಸಂಖ್ಯೆ 13,118. ಅದೇ ಸಂದರ್ಭದಲ್ಲಿ ಸರ್ಕಾರ ಉಲ್ಲೇಖಿಸಿದ ಇನ್ನೊಂದು ಅಂಕಿ: 2021ರಲ್ಲಿ ಬೆಲ್ಟ್ ಧರಿಸದೆ ಸತ್ತವರು 16,397; ಅವರಲ್ಲಿ ಓಡಿಸುತ್ತಿದ್ದವರು 8,438, ಜೊತೆಗಿದ್ದವರು 7,959.

ಈ ಕ್ಲಿಪ್ಪನ್ನು ನಾನು ಯಾವ ಹಕ್ಕಿನ ಹೆಸರಿನಲ್ಲೂ ಸಮರ್ಥಿಸುವುದಿಲ್ಲ. ಅದು ಕಾಟವನ್ನು ತಿದ್ದುವುದಿಲ್ಲ, ಕಾರಿಗೆ ಸುಳ್ಳು ಹೇಳುತ್ತದೆ. ಅಪಘಾತದ ಕ್ಷಣದಲ್ಲಿ ಕೆಲವು ಕಾರುಗಳು ಬೆಲ್ಟ್ ಕಟ್ಟಿದೆಯೇ ಇಲ್ಲವೇ ಎಂದು ನೋಡಿ ಏರ್‌ಬ್ಯಾಗ್ ಯಾವಾಗ ಬಿಚ್ಚಬೇಕೆಂದು ನಿರ್ಧರಿಸುತ್ತವೆ. ಆ ನಿರ್ಧಾರಕ್ಕೂ ಸುಳ್ಳೇ ಆಧಾರವಾಗುತ್ತದೆ. ಬೆಲ್ಟಿಲ್ಲದ ದೇಹ ಮುಂದಕ್ಕೆ ಎಸೆದುಹೋಗುತ್ತಿರುವಾಗ ಎದುರಿನಿಂದ ಸ್ಫೋಟಿಸಿ ಬರುವ ಏರ್‌ಬ್ಯಾಗ್ ಕಾಪಾಡುವುದಕ್ಕಿಂತ ಹೆಚ್ಚು ಹೊಡೆಯಬಹುದು. 2022ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ದುಬಾರಿ, ಭದ್ರವಾದ ಕಾರಿನಲ್ಲಿ. ಹಿಂದಿನ ಸೀಟಿನಲ್ಲಿದ್ದ ಅವರು ಬೆಲ್ಟ್ ಕಟ್ಟಿರಲಿಲ್ಲ.

ಹಾಗಿದ್ದರೆ ಪಕ್ಕದ ಸೀಟಿನ ತರಕಾರಿ ಚೀಲಕ್ಕೇನು ಮಾಡುವುದು? ಇದಕ್ಕೆ ಪರಿಹಾರ ಇಷ್ಟು ಸುಲಭವಾಗಿರುವಾಗ ಜನ ಕ್ಲಿಪ್ ಹುಡುಕಿಕೊಂಡು ಹೋಗುವುದೇ ನನಗೆ ಬೇಸರ. ಚೀಲವನ್ನು ಕಾಲಿಡುವ ಜಾಗಕ್ಕೆ ಇಳಿಸಿ. ಇಲ್ಲವೇ ಚೀಲಕ್ಕೇ ಬೆಲ್ಟ್ ಸುತ್ತಿ ಕಟ್ಟಿ: ಬೀಪ್ ನಿಲ್ಲುತ್ತದೆ, ಬ್ರೇಕ್ ಹಾಕಿದಾಗ ಟೊಮ್ಯಾಟೊ ಡ್ಯಾಶ್‌ಬೋರ್ಡಿಗೆ ಹೋಗಿ ಬೀಳುವುದೂ ನಿಲ್ಲುತ್ತದೆ. ಸೀಟಿನ ಮೇಲೆ ಏನೂ ಇಲ್ಲದಿದ್ದರೂ ಬೀಪ್ ಬರುತ್ತಿದ್ದರೆ ಹೊರಗೆ ಹೊಲಿಸಿದ ದಪ್ಪ ಸೀಟ್ ಕವರ್ ನೋಡಿ. ಸೀಟಿನ ಮೇಲ್ಪದರದ ಕೆಳಗೆ ಹಾಳೆಯಂತೆ ಹಾಸಿರುವ ಸೆನ್ಸರ್ ಇರುತ್ತದೆ, ಬಿಗಿದು ಕಟ್ಟಿದ ಕವರ್ ಅದನ್ನು ಸದಾ ಒತ್ತಿ ಹಿಡಿದಿರಬಹುದು. ಆ ಕವರ್ ಸೀಟಿನ ಪಕ್ಕದಿಂದ ಬಿಚ್ಚುವ ಏರ್‌ಬ್ಯಾಗ್‌ಗೂ ಅಡ್ಡ. ಸಡಿಲ ಮಾಡಿ ಅಥವಾ ತೆಗೆದುಹಾಕಿ. ಸೀಟಿನ ಕೆಳಗೆ ಮಾತ್ರ ಕೈ ಹಾಕಬೇಡಿ. ಅಲ್ಲಿರುವ ಹಳದಿ ಕಪ್ಲರ್‌ಗಳು ಏರ್‌ಬ್ಯಾಗ್ ಜಾಲದವು. ಕಾರು ಆನ್ ಇದ್ದಾಗ ಅವನ್ನು ಕಳಚಿದರೆ ಏರ್‌ಬ್ಯಾಗ್ ದೀಪ ಹೊತ್ತಿಕೊಂಡು, ಸ್ಕ್ಯಾನರ್ ಹಾಕಿ ಅಳಿಸುವವರೆಗೆ ಆರುವುದಿಲ್ಲ.

ವೇಗದ ಬೀಪ್ ಬಗ್ಗೆ ನನ್ನ ತೀರ್ಪು ಇಷ್ಟು ನೇರವಾಗಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ.ವರೆಗೆ ಅವಕಾಶವಿದೆ. ಅಲ್ಲಿ 90ರಲ್ಲಿ ನಿಯಮದಂತೆಯೇ ಹೋಗುತ್ತಿರುವವರಿಗೂ ಕಾರು ಮತ್ತೆಮತ್ತೆ ಎಚ್ಚರಿಕೆ ಕೊಡುತ್ತದೆ. ತಪ್ಪು ಮಾಡದವರಿಗೆ ಎಚ್ಚರಿಕೆ ಕೊಡುತ್ತಾ ಹೋದರೆ ತಪ್ಪು ಮಾಡಿದ ದಿನ ಆ ದನಿಗೆ ಬೆಲೆ ಇರುವುದಿಲ್ಲ. ನಿಯಮ ಬರೆದವರು ಇದನ್ನು ಮತ್ತೆ ಯೋಚಿಸಬೇಕು. ಆದರೂ ಅದನ್ನು ಕಿತ್ತುಹಾಕಿ ಎಂದು ನಾನು ಹೇಳಲಾರೆ. ಮೀಟರ್ ಬಿಚ್ಚಿ ಬಜರ್ ಮೇಲೆ ಗಮ್ ಸುರಿಸಿ ಮುಚ್ಚಿಸಿಕೊಂಡವರಿದ್ದಾರೆ. ಸಾಮಾನ್ಯವಾಗಿ ಬಾಗಿಲು ಸರಿಯಾಗಿ ಹಾಕಿಲ್ಲ, ಹ್ಯಾಂಡ್‌ಬ್ರೇಕ್ ಇಳಿಸಿಲ್ಲ, ಹೆಡ್‌ಲೈಟ್ ಆರಿಸಿಲ್ಲ ಎಂದು ಹೇಳುವುದೂ ಅದೇ ಬಜರ್. 80ರ ಬೀಪ್ ಜೊತೆಗೆ 120ರ ಬೀಪ್ ಕೂಡ ಹೋಗುತ್ತದೆ. ಒಬ್ಬರ ಕಿರಿಕಿರಿ ತಪ್ಪಿಸಲು ರಸ್ತೆಯಲ್ಲಿರುವ ಇತರರ ಕಾವಲನ್ನು ತೆಗೆಯುವ ಅಧಿಕಾರ ಕಾರಿನ ಒಡೆಯರಿಗಿಲ್ಲ.

ರಿವರ್ಸ್ ಟ್ಯೂನ್ ವಿಷಯದಲ್ಲಿ ಯೋಚಿಸಬೇಕಾದದ್ದೇ ಇಲ್ಲ. ಅದು ಕಂಪನಿ ಕೊಟ್ಟದ್ದಲ್ಲ, ಆಕ್ಸೆಸರಿ ಅಂಗಡಿಯವರು ಕೂರಿಸಿದ್ದು. ಡಿಕ್ಕಿಯ ಒಳಗೆ ಹಿಂದಿನ ದೀಪದ ಮುಚ್ಚಳ ತೆಗೆದರೆ ರಿವರ್ಸ್ ಬಲ್ಬಿನ ತಂತಿಗೆ ಸುತ್ತಿದ ಎರಡು ತಂತಿ ಸಿಗುತ್ತವೆ. ಬಿಚ್ಚಿ, ತೆರೆದ ಜಾಗಕ್ಕೆ ಟೇಪ್ ಸುತ್ತಿದರೆ ನಿಮ್ಮ ಬೀದಿಯವರೆಲ್ಲ ನಿದ್ದೆ ಮಾಡುತ್ತಾರೆ.

ತಾವೇ ಸರಿಮಾಡಿಕೊಳ್ಳುವವರ ಮೇಲೆ ಬರುವ ಆಕ್ಷೇಪಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಂಪನಿಯ ವೈರಿಂಗ್ ಮಧ್ಯೆ ತಂತಿ ಹೆರೆದು, ಅಲ್ಲಿಂದಲೇ ಲೈನ್ ಎಳೆದು, ಫ್ಯೂಸ್ ಇಲ್ಲದೆ ಹೆಚ್ಚು ವ್ಯಾಟಿನ ದೀಪವನ್ನೋ ಹಾರ್ನನ್ನೋ ಜೋಡಿಸಿದ ಕಾರಿನಲ್ಲಿ ತಂತಿ ಕಾದು ಬೆಂಕಿ ಹತ್ತಿಕೊಳ್ಳುವುದು ಕಟ್ಟುಕಥೆಯಲ್ಲ. ಕತ್ತರಿಸಿದ ತಂತಿ ಕಂಡರೆ ಸರ್ವೀಸ್ ಸೆಂಟರ್‌ನವರು ಎಲೆಕ್ಟ್ರಿಕಲ್ ವಾರಂಟಿ ಇಲ್ಲ ಎನ್ನುವುದರಲ್ಲೂ ಅರ್ಥವಿದೆ. ಆದರೆ ಈ ಅಪಾಯದ ದೊಡ್ಡ ಪಾಲು ಬರುವುದು ಮಾಹಿತಿ ಇಲ್ಲದಿರುವುದರಿಂದ. ಯಾವ ತಂತಿ ಯಾವುದಕ್ಕೆ, ಯಾವ ಫ್ಯೂಸ್ ಎಷ್ಟು ಆಂಪಿಯರ್‌ನದು, ಯಾವ ಸೆಟ್ಟಿಂಗ್ ಎಲ್ಲಿದೆ ಎಂಬುದನ್ನು ಕಂಪನಿ ತನ್ನ ಡೀಲರ್‌ಗಳ ಹೊರಗೆ ಹೇಳದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಎಲೆಕ್ಟ್ರಿಷಿಯನ್ ಟೆಸ್ಟ್ ಲ್ಯಾಂಪ್ ಹಿಡಿದು ತಂತಿ ಚುಚ್ಚಿ ನೋಡದೆ ಇನ್ನೇನು ಮಾಡಬೇಕು? ಅಂದಾಜಿನ ಮೇಲೆ ಇಷ್ಟು ಚೆನ್ನಾಗಿ ಕೆಲಸ ಮಾಡುವ ಕೈಗಳಿಗೆ ನಕ್ಷೆ ಸಿಕ್ಕರೆ ತಂತಿ ಚುಚ್ಚುವ ಅಗತ್ಯವೇ ಇರುವುದಿಲ್ಲ.

ಈ ಮಾತನ್ನು ದೇಶದ ಒಂದು ಸಂಸ್ಥೆ ಹತ್ತು ವರ್ಷಕ್ಕೂ ಹಿಂದೆ ಒಪ್ಪಿದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಅಸಲಿ ಬಿಡಿಭಾಗ, ದುರಸ್ತಿ ಕೈಪಿಡಿ, ದೋಷ ಪತ್ತೆಯ ಸಾಧನಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿ, ತಮ್ಮ ಡೀಲರ್‌ಗಳ ಬಳಿಗೇ ಬರುವಂತೆ ಗ್ರಾಹಕರನ್ನು ಕಟ್ಟಿಹಾಕಿದ್ದೀರಿ ಎಂಬುದು ಆರೋಪದ ತಿರುಳು. ಕಂಪನಿಗಳು ಮೇಲ್ಮನವಿ ಹಾಕಿದವು. ಅತ್ತ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲೇ ಕಾರು ದುರಸ್ತಿಯ ಹಕ್ಕಿಗೆ ಕಾಯ್ದೆ ಮಾಡಿ, 2020ರಲ್ಲಿ ಜನಮತದ ಮೂಲಕ ಅದನ್ನು ಇನ್ನಷ್ಟು ಬಲಪಡಿಸಿತು. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿ ಹಕ್ಕಿನ ಚೌಕಟ್ಟಿಗೆ ಸಮಿತಿ ರಚಿಸಿತು, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ವಾಹನಗಳೂ ಇವೆ. ಆದರೆ ಪೋರ್ಟಲ್‌ಗೂ ಕಾಯ್ದೆಗೂ ಇರುವ ಅಂತರ ದೊಡ್ಡದು. ಪೋರ್ಟಲ್‌ನಲ್ಲಿ ಕಂಪನಿ ಇಷ್ಟವಿದ್ದಷ್ಟು ಹೇಳುತ್ತದೆ, ಕಾಯ್ದೆ ಇದ್ದರೆ ಹೇಳಲೇಬೇಕು.

ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ತೋರಿಸಿ ಹೆದರಿಸುವವರಿದ್ದಾರೆ. ನೋಂದಣಿ ಪತ್ರದಲ್ಲಿರುವ ವಿವರಗಳಿಗೂ ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೂ ಹೊಂದಾಣಿಕೆ ತಪ್ಪುವಂತೆ ವಾಹನ ಮಾರ್ಪಡಿಸಬಾರದು ಎನ್ನುತ್ತದೆ ಅದು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿ ಇಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಅಗಲದ ಟೈರು, ಕಿವಿ ಹರಿಯುವ ಸೈಲೆನ್ಸರ್, ಕಣ್ಣು ಕುಕ್ಕುವ ದೀಪಗಳ ಹಾವಳಿ ನೋಡಿದವರಿಗೆ ಈ ಬಿಗಿ ಯಾಕೆಂದು ಅರ್ಥವಾಗುತ್ತದೆ. ಆದರೆ ಗುಂಡಿಯ ನೆನಪು ಯಾವ ನೋಂದಣಿ ಪತ್ರದಲ್ಲೂ ಇಲ್ಲ. ನನ್ನ ಓದಿನ ಪ್ರಕಾರ ಕಲಮಿನ ಗುರಿ ವಾಹನದ ಗುರುತು ಮತ್ತು ಮೈಕಟ್ಟು. ಬಳಸುವವರ ಅನುಕೂಲದ ಸೆಟ್ಟಿಂಗ್ ಅಲ್ಲ. ಈ ಗೆರೆಯನ್ನು ಸಾರಿಗೆ ಸಚಿವಾಲಯವೇ ಒಂದು ಸುತ್ತೋಲೆಯಲ್ಲಿ ಬಿಡಿಸಿ ಹೇಳಿದರೆ ಪ್ರಾಮಾಣಿಕರ ಹೆದರಿಕೆ ಹೋಗುತ್ತದೆ, ಸೈಲೆನ್ಸರ್ ಕೊರೆಸುವವರಿಗೆ ನೆಪವೂ ಹೋಗುತ್ತದೆ.

ಕಾಟಕ್ಕೆ ಸೌಮ್ಯವಾದ ಬಾಗಿಲೊಂದನ್ನು ಇಡಲು ಸಾಧ್ಯ ಎಂಬುದನ್ನು ಯುರೋಪಿನಲ್ಲಿ ಒಂದು ಕಂಪನಿ ತೋರಿಸಿದೆ. 2024ರ ಜುಲೈ 7ರಿಂದ ಅಲ್ಲಿ ಮಾರಾಟವಾಗುವ ಪ್ರತಿ ಹೊಸ ಕಾರೂ ರಸ್ತೆಯ ವೇಗಮಿತಿ ಮೀರಿದರೆ ಎಚ್ಚರಿಸಬೇಕು. ಆಫ್ ಮಾಡಬಹುದು, ಆದರೆ ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ಅದು ಮತ್ತೆ ಆನ್ ಆಗಿರಬೇಕೆಂಬುದು ಕಾಯ್ದೆ. ಪರದೆಯ ಮೆನುವಿನೊಳಗೆ ಹೊಕ್ಕು ಒಂದೊಂದಾಗಿ ಆರಿಸುವ ಕಷ್ಟ ನೋಡಿದ ರೆನೋ, ಡ್ಯಾಶ್‌ಬೋರ್ಡಿನಲ್ಲಿ ಒಂದು ಗುಂಡಿ ಇಟ್ಟಿತು. ಯಾವ ಎಚ್ಚರಿಕೆ ಬೇಕು, ಯಾವುದು ಬೇಡ ಎಂದು ಮೊದಲೇ ಆರಿಸಿಟ್ಟರೆ, ಆ ಗುಂಡಿಯನ್ನು ಎರಡು ಸಲ ಒತ್ತಿದಾಗ ಎಲ್ಲವೂ ನಿಮ್ಮ ಆಯ್ಕೆಗೆ ಬರುತ್ತವೆ. ಕಾಯ್ದೆ ಮುರಿಯಲಿಲ್ಲ, ಬಳಸುವವರ ಮಾತೂ ಉಳಿಯಿತು. ಎಲ್ಲವನ್ನೂ ಪರದೆಗೆ ತುಂಬುವ ಚಟದ ವಿರುದ್ಧ ಜನ ದೂರಿದ್ದೂ ವ್ಯರ್ಥವಾಗಲಿಲ್ಲ. 2022ರಲ್ಲಿ ಸ್ವೀಡನ್ನಿನ ವಿ ಬಿಲಾಗಾರೆ ಪತ್ರಿಕೆ ಗಂಟೆಗೆ 110 ಕಿ.ಮೀ. ವೇಗದಲ್ಲಿ ಕೆಲವು ಮಾಮೂಲಿ ಕೆಲಸ ಮಾಡಿಸಿ ನೋಡಿತು. ಗುಂಡಿಗಳಿರುವ 2005ರ ವೋಲ್ವೊದಲ್ಲಿ ಹತ್ತು ಸೆಕೆಂಡಿಗೆ ಮುಗಿದದ್ದಕ್ಕೆ ಪರದೆ ತುಂಬಿದ ಹೊಸ ಕಾರೊಂದರಲ್ಲಿ ಸುಮಾರು 45 ಸೆಕೆಂಡು ಹಿಡಿಯಿತು. ಇಂಡಿಕೇಟರ್, ವೈಪರ್, ಹಾರ್ನ್‌ನಂಥ ಮುಖ್ಯ ಕೆಲಸಗಳಿಗೆ ನಿಜವಾದ ಗುಂಡಿ ಇಲ್ಲದ ಕಾರಿಗೆ 2026ರಿಂದ ಪೂರ್ತಿ ಅಂಕ ಕೊಡುವುದಿಲ್ಲ ಎಂದು ಯುರೋಪಿನ ಸುರಕ್ಷತಾ ಪರೀಕ್ಷಾ ಸಂಸ್ಥೆ ಯೂರೊ ಎನ್‌ಕ್ಯಾಪ್ ನಿಲುವು ತಳೆದಿದೆ.

ನಮ್ಮಲ್ಲೂ ಇದು ಆಗಬೇಕಾದರೆ ದೂರು ಬರೆದುಕೊಳ್ಳದ ಪೆನ್ನನ್ನು ಬರೆಯುವಂತೆ ಮಾಡಬೇಕು. ಮೊದಲು ಕಾರಿನ ಜೊತೆ ಬಂದ ಕೈಪಿಡಿಯನ್ನು ಓದಿ. ಬಾಗಿಲು ತಾನಾಗಿ ಲಾಕ್ ಆಗುವುದು, ಕೀ ಒತ್ತಿದಾಗ ಕೂಗುವುದು, ಸೆನ್ಸರ್‌ನ ದನಿಯ ಜೋರು, ಇವುಗಳಲ್ಲಿ ಹಲವನ್ನು ಒಂದು ಸ್ಕ್ರೂ ಕೂಡ ಬಿಚ್ಚದೆ ಮೆನುವಿನಲ್ಲೇ ಬದಲಿಸಬಹುದು. ಮೆನುವಿನಲ್ಲಿ ಇಲ್ಲದ್ದನ್ನು ಮುಟ್ಟುವ ಮುನ್ನ ಅದು ಯಾರನ್ನು ಕಾಯುತ್ತಿದೆ ಎಂದು ಕೇಳಿಕೊಳ್ಳಿ, ಮೊದಲಿನಂತೆ ಮಾಡಲು ಬರುತ್ತದೆಯೇ ಎಂದು ನೋಡಿಕೊಳ್ಳಿ. ಎರಡಕ್ಕೂ ಉತ್ತರ ಸಿಕ್ಕರೆ ಕೈ ಹಾಕಿ. ಸಿಗದಿದ್ದರೆ ಸರ್ವೀಸ್‌ಗೆ ಬಿಟ್ಟಾಗ ಜಾಬ್ ಕಾರ್ಡಿನಲ್ಲಿ ಆ ಕಾಟವನ್ನು ನಿಮ್ಮ ಕೈಯಿಂದಲೇ ಬರೆದು, ಪ್ರತಿ ಕೇಳಿ ಪಡೆಯಿರಿ. ಹೊಸ ಕಾರು ಕೊಳ್ಳುವವರು ಟೆಸ್ಟ್ ಡ್ರೈವ್‌ನಲ್ಲಿ ಪಿಕಪ್ ನೋಡಿದಷ್ಟೇ ಗಮನವಿಟ್ಟು ಇನ್ನೊಂದು ಕೆಲಸ ಮಾಡಿ: ಎಂಜಿನ್ ನಿಲ್ಲಿಸುವ ವ್ಯವಸ್ಥೆಯ ಗುಂಡಿ ಒತ್ತಿ, ಕಾರು ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ ನೋಡಿ. ಅದು ಮರೆತಿದ್ದರೆ, ಇದೊಂದು ಕಾರಣಕ್ಕೂ ನಾನು ಯೋಚಿಸುತ್ತಿದ್ದೇನೆ ಎಂದು ಶೋರೂಮಿನವರಿಗೆ ಹೇಳಿ. ಕಂಪನಿಗಳು ಗ್ರಾಹಕರ ಇತರ ಮಾತು ಕೇಳುತ್ತವೋ ಇಲ್ಲವೋ, ಬುಕಿಂಗ್ ಮುಂಚಿನ ಮಾತನ್ನು ಖಂಡಿತ ಕೇಳುತ್ತವೆ.